ಯಂತ್ರವು ಹೇಳಿಕೊಟ್ಟ ನಡೆ

ನಮ್ಮ ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಚದುರಂಗವು ಸಾಗುತ್ತಿದ್ದಾಗ, ಪಕ್ಕದಲ್ಲಿ ನಿಂತು ನೋಡುವವನು ಬಾಯಿ ತೆರೆದರೆ ಆಟಗಾರರಿಬ್ಬರೂ ಅವನ ಮೇಲೆ ಹರಿಹಾಯುತ್ತಿದ್ದರು. ಈಗ ಆ ಪಕ್ಕದವನು ಮನುಷ್ಯನಲ್ಲ. ಅಂಗೈಯೊಳಗಿನ ಫೋನಿನಲ್ಲಿಯೇ ಕುಳಿತಿರುವನು.

ಅವನ ಬಲವೆಷ್ಟೆಂಬುದನ್ನು ವಾಚಕರು ಬಲ್ಲರೇ? 1997ನೆಯ ಇಸವಿಯ ಮೇ ತಿಂಗಳಲ್ಲಿ, ನ್ಯೂಯಾರ್ಕ್ ನಗರದಲ್ಲಿ, ಜಗಜ್ಜೇತನಾದ ಕ್ಯಾಸ್ಪರೋವ್ ಎಂಬಾತನು ‘ಡೀಪ್ ಬ್ಲೂ’ ಎಂಬ ಗಣಕಯಂತ್ರದೊಡನೆ ಆರು ಆಟಗಳನ್ನಾಡಿ, 2½–3½ ಅಂಕಗಳಿಂದ ಸೋತನು. ಆಳೆತ್ತರದ ಎರಡು ಬೀರುಗಳಷ್ಟಿದ್ದ ಆ ಯಂತ್ರವು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿದ್ದಿತು. ಇಂದು ಅದಕ್ಕಿಂತಲೂ ಬಲಿಷ್ಠವಾದ ‘ಸ್ಟಾಕ್‌ಫಿಶ್’ ಎಂಬ ತಂತ್ರಾಂಶವು ಯಾರಿಗಾದರೂ ಬಿಟ್ಟಿಯಾಗಿ ದೊರೆಯುವುದು. 2017ರಲ್ಲಿ ಹೆಸರಾದ ‘ಆಲ್ಫಾಝೀರೋ’ ಎಂಬುದಂತೂ, ಆಟದ ನಿಯಮಗಳ ಹೊರತು ಬೇರೇನನ್ನೂ ಯಾರಿಂದಲೂ ಕಲಿಯದೆ, ತನ್ನೊಡನೆ ತಾನೇ ಆಡಿ ನಿಪುಣವಾಯಿತು. ಗುರುವಿಲ್ಲದ ಈ ವಿದ್ಯೆಯನ್ನು ಒಪ್ಪಲು ನನ್ನಂತಹ ಹಳೆಯ ಮೇಷ್ಟರಿಗೆ ಕಷ್ಟವೇ.

ನನ್ನೊಡನೆ ಬಹುಕಾಲ ಪಾಠ ಹೇಳಿದ ಗಣಿತದ ಮೇಷ್ಟರೊಬ್ಬರು ಈಗ ಪುಣೆಯಲ್ಲಿ ಮಗನ ಮನೆಯಲ್ಲಿರುವರು. ‘ಲೀಚೆಸ್’ ಎಂಬ ಉಚಿತ ಜಾಲತಾಣದಲ್ಲಿ ನಾವಿಬ್ಬರೂ ದಿನಕ್ಕೊಂದು ನಡೆಯಂತೆ ಆಡುತ್ತೇವೆ. ಆಟವು ಮುಗಿಯುವತನಕ ಯಂತ್ರದ ನೆರವನ್ನು ಪಡೆಯಕೂಡದೆಂಬುದು ಅಲ್ಲಿನ ಕಟ್ಟಳೆ. ವಂಚನೆಯು ಕಂಡುಬಂದರೆ ಅಂಥವನ ಖಾತೆಗೆ ಎಲ್ಲರೂ ಕಾಣುವಂತೆ ಮುದ್ರೆಯೊತ್ತುವರು.

ಕಳೆದ ತಿಂಗಳು ನನ್ನ ಆನೆಯೊಂದು ಸಿಕ್ಕಿಬಿದ್ದು ಆಟವು ಕೈಬಿಡುವಂತಿತ್ತು. ರಾತ್ರಿ ನಿದ್ರೆ ಬಾರದೆ ಎದ್ದು, ಆ ಸ್ಥಿತಿಯನ್ನು ಯಂತ್ರದ ಮುಂದಿಟ್ಟೆನು. ನೋಡುವುದಷ್ಟೇ, ಆಡುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆನು. ಅರೆನಿಮಿಷದಲ್ಲಿ ಅದು ಕುದುರೆಯನ್ನು ಬಲಿಗೊಡುವ ನಡೆಯೊಂದನ್ನು ತೋರಿಸಿತು. ಬೆಳಿಗ್ಗೆ ಅದನ್ನೇ ಆಡಿದೆನು. 30 ವರ್ಷ ಪರೀಕ್ಷೆಯ ಕೊಠಡಿಯಲ್ಲಿ ಹುಡುಗರ ಚೀಟಿಗಳನ್ನು ಹಿಡಿದವನು ನಾನು!

ಸಂಜೆಗೆ ಮಿತ್ರರ ಓಲೆ ಬಂದಿತು: “ಮೇಷ್ಟ್ರೇ, ಈ ವಯಸ್ಸಿನಲ್ಲಿ ಎಂಥ ನಡೆ ಹೊಳೆಯಿತು ನಿಮಗೆ! ಮೊಮ್ಮಗನನ್ನು ಕರೆದು ತೋರಿಸಿದೆ.”

ಎರಡು ದಿನ ಉತ್ತರ ಬರೆಯಲಾರದೆ ಹೋದೆನು. ಮೂರನೆಯ ದಿನ ಇದ್ದುದನ್ನು ಇದ್ದಂತೆ ತಿಳಿಸಿ, ಸೋಲನ್ನೊಪ್ಪಿಕೊಂಡೆನು. ಅವರು ಅದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. “ಆಟ ಮುಗಿಯಿತಲ್ಲ, ಈಗ ಯಂತ್ರವನ್ನು ಇಬ್ಬರೂ ಸೇರಿಯೇ ಕೇಳೋಣ” ಎಂದರು. ಕೇಳಿದೆವು. ನಾನು ಕೆಟ್ಟುದು ಆನೆ ಸಿಕ್ಕಿಬಿದ್ದಾಗಲ್ಲವಂತೆ. ಬಹಳ ಮೊದಲೇ, ರಾಜನನ್ನು ಆನೆಯ ಮರೆಗೆ ಸರಿಸದೆ ಪದಾತಿಯೊಂದಕ್ಕೆ ಆಸೆಪಟ್ಟಾಗ.

ಹೊಸ ಆಟವು ಆರಂಭವಾಗಿದೆ. ನಿನ್ನೆ ಅವರು ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿರುವರು. ನನ್ನ ಉತ್ತರವಿನ್ನೂ ಹೋಗಿಲ್ಲ.