ಸೋಪಿನ ಏಣು ಸವರುವುದು ಯಾಕೆ?

ಹೊಳಲ್ಕೆರೆ, ಹೊಸದುರ್ಗದ ಕಡೆ ತೆಂಗಿಗೆ ಕೊರತೆಯಿಲ್ಲ. ಕೊಬ್ಬರಿ ಎಣ್ಣೆ ಸುಲಭವಾಗಿ ಸಿಗುವಲ್ಲಿ ಮನೆಯಲ್ಲೇ ಸೋಪು ಮಾಡುವುದು ಅಂಥ ಕಷ್ಟದ ಕೆಲಸವಲ್ಲ. ಒಂದು ಕೆಜಿ ಎಣ್ಣೆಗೆ ಸುಮಾರು 175 ಗ್ರಾಂ ಕಾಸ್ಟಿಕ್ ಸೋಡ, ಅದನ್ನು ಕರಗಿಸಲು ನೀರು, ಸುರಿಯಲು ಒಂದು ಅಚ್ಚು. (ಸೋಡವನ್ನು ನೀರಿಗೆ ಹಾಕಬೇಕು, ಸೋಡದ ಮೇಲೆ ನೀರು ಸುರಿದರೆ ಮುಖಕ್ಕೆ ಸಿಡಿದೀತು.) ಎಣ್ಣೆ, ಸೋಡ ಎರಡೂ ಕೂಡಿ ಸೋಪು ಮತ್ತು ಗ್ಲಿಸರಿನ್ ಆಗುತ್ತವೆ. ಗಟ್ಟಿಯಾದ ದಿಮ್ಮಿಯನ್ನು ಬಿಲ್ಲೆಗಳಾಗಿ ಕೊಯ್ದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಕೊಯ್ದ ಪ್ರತಿ ಬಿಲ್ಲೆಗೂ ಹನ್ನೆರಡು ಏಣು, ಎಂಟು ಮೂಲೆ. ತಕರಾರು ಅವುಗಳದ್ದೇ.

ಸೋಪಿನೊಳಗಿನ ನೀರು ಆರುವುದು ಮೈಯ ಮೂಲಕ. ಮಟ್ಟಸವಾದ ಮುಖಕ್ಕೆ ಗಾಳಿ ತಾಗುವುದು ಒಂದೇ ಕಡೆಯಿಂದ, ಏಣಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಹೀಗಾಗಿ ಒಳಗಿನ್ನೂ ಹಸಿಯಿರುವಾಗಲೇ ಏಣು ಒಣಗಿ ಪೆಡಸಾಗುತ್ತದೆ. ಕೊಬ್ಬರಿ ಎಣ್ಣೆಯ ಸೋಪಿನಲ್ಲಿ ಇದು ಇನ್ನೂ ಹೆಚ್ಚು. ಆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುವ ಲಾರಿಕ್ ಆಮ್ಲ ಸೋಪನ್ನು ಬೇಗ ಗಟ್ಟಿ ಮಾಡುತ್ತದೆ, ಅಷ್ಟೇ ಬೇಗ ಪೆಡಸೂ ಮಾಡುತ್ತದೆ. ಒಲೀಕ್ ಆಮ್ಲ ಹೆಚ್ಚಿರುವ ಹೊಂಗೆ ಎಣ್ಣೆಯ ಸೋಪು ಮೆತ್ತಗೆ. ಅದು ಮುರಿಯುವುದಕ್ಕಿಂತ ಜಜ್ಜಿಹೋಗುವುದೇ ಹೆಚ್ಚು.

ಚೂಪಾದ ಏಣಿಗೆ ಪೆಟ್ಟು ಬಿದ್ದಾಗ ಅದನ್ನು ತಾಳಿಕೊಳ್ಳಲು ಹಿಂದೆ ಇರುವ ಸೋಪು ತೀರಾ ಕಡಿಮೆ. ಅದಕ್ಕೇ ಚಕ್ಕೆ ಏಳುತ್ತದೆ. 90 ಡಿಗ್ರಿಯ ಏಣನ್ನು ಓರೆಯಾಗಿ ಹೆರೆದುಬಿಟ್ಟರೆ ಅದರ ಜಾಗದಲ್ಲಿ 135 ಡಿಗ್ರಿಯ ಎರಡು ಮೊಂಡು ಏಣುಗಳು ಬರುತ್ತವೆ. ಬಡಗಿ ಬಾಗಿಲ ಚೌಕಟ್ಟಿನ ಅಂಚು ಸವರುವುದೂ ಇದೇ ಲೆಕ್ಕದಲ್ಲಿ.

ತರಕಾರಿ ಸಿಪ್ಪೆ ತೆಗೆಯುವ ಸ್ಟೀಲಿನ ಪೀಲರ್ ಸಾಕು. (ಆಮೇಲೆ ಅದನ್ನು ಅಡುಗೆಮನೆಗೆ ಒಯ್ಯಬೇಡಿ.) ಮುಖ್ಯವಾದದ್ದು ಹದ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬಾರದು, ಉಗುರಿನಿಂದ ಗೀರಿದರೆ ಗೆರೆ ಮೂಡಬೇಕು. ಹದ ಸರಿಯಿದ್ದರೆ ಏಣಿನ ಉದ್ದಕ್ಕೂ ಒಂದೇ ಸುರುಳಿ ಎದ್ದು ಬರುತ್ತದೆ. ಹಸಿಯಿದ್ದರೆ ಸೋಪು ಅಲಗಿಗೆ ಮೆತ್ತಿಕೊಳ್ಳುತ್ತದೆ. ಒಣಗಿದ್ದರೆ ಬರೀ ಪುಡಿ ಉದುರಿ, ಕೊನೆಯಲ್ಲಿ ಮೂಲೆ ಹಾರಿಹೋಗುತ್ತದೆ. ಆದ್ದರಿಂದ ಎರಡೂ ತುದಿಗಳಿಂದ ನಡುವಿನ ಕಡೆಗೆ ಹೆರೆಯುವುದು ಒಳ್ಳೆಯದು. ಕೊಬ್ಬರಿ ಎಣ್ಣೆಯ ಸೋಪಿಗೆ ಕೊಯ್ದ ಮಾರನೇ ದಿನಕ್ಕೇ ಈ ಹದ ಬಂದಿರಬಹುದು. ಏಪ್ರಿಲ್‌ನ ಒಣಗಾಳಿಯಲ್ಲಿ ಕಾಯುತ್ತ ಕೂತರೆ ತಪ್ಪಿಹೋಗುತ್ತದೆ. ಮಳೆಗಾಲದಲ್ಲಿ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಅವಸರ ಬೇಡ. ಸೋಡ ಇನ್ನೂ ಪೂರ್ತಿ ಕೂಡಿರದಿದ್ದರೆ ಚರ್ಮ ಉರಿದೀತು, ಕೈಗವಸು ಇರಲಿ.

ಸೋಪಿನ ಮೇಲೆ ಕೆಲವೊಮ್ಮೆ ಬೂದಿಯಂಥ ಬಿಳಿ ಪದರ ಕೂರುತ್ತದೆ. ಕೂಡದೆ ಉಳಿದ ಸೋಡ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆದ ಸೋಡಿಯಂ ಕಾರ್ಬೋನೇಟ್ ಅದು. ಅದೂ ಇದೇ ಪೀಲರಿಗೆ ಹೋಗುತ್ತದೆ.

ನಷ್ಟ ಎಷ್ಟು? 8 ಸೆಂ.ಮೀ. ಉದ್ದ, 5.5 ಅಗಲ, 2.5 ದಪ್ಪದ ಬಿಲ್ಲೆಯ ಹನ್ನೆರಡು ಏಣುಗಳ ಒಟ್ಟು ಉದ್ದ 64 ಸೆಂ.ಮೀ. ಎರಡೂ ಮುಖದಿಂದ 3 ಮಿ.ಮೀ. ಒಳಕ್ಕೆ ಹಿಡಿದು ಹೆರೆದರೆ ಹೋಗುವುದು ಮೂರು ಘನ ಸೆಂ.ಮೀ.ಗಿಂತ ಕಡಿಮೆ, ಅಂದರೆ ನೂರಕ್ಕೆ ಎರಡೂವರೆ ಪಾಲು. ಆ ಸುರುಳಿಗಳನ್ನು ಒತ್ತಿ ಉಂಡೆ ಕಟ್ಟಿದರೆ ಅದೂ ನಷ್ಟವಲ್ಲ.

ಕಾರ್ಖಾನೆಗೆ ಈ ಗೋಜಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ ಗಂಧದೆಣ್ಣೆ ತೆಗೆಯಲು, ಸೋಪು ಮಾಡಲು ಹೊರಟಿತು. ಹಾಗೆ ಹುಟ್ಟಿದ ಮೈಸೂರು ಸ್ಯಾಂಡಲ್ ಸೋಪಿನ ಮೊಟ್ಟೆಯಾಕಾರ ನೋಡಿ, ಅದರಲ್ಲಿ ಸವರಲು ಏಣೇ ಇಲ್ಲ. ಯಂತ್ರ ಒತ್ತಿದ ಸೋಪಿಗೆ ಅಚ್ಚೇ ದುಂಡು ಕೊಡುತ್ತದೆ. ಕೊಯ್ದ ಸೋಪಿಗೆ ಕೈಯೇ ಕೊಡಬೇಕು.

ಮನೆಬಳಕೆಗಾದರೆ ಈ ಶ್ರಮ ಬೇಕಿಲ್ಲ, ನಾಲ್ಕು ಸ್ನಾನದಲ್ಲಿ ಏಣು ತಾನೇ ಕರಗುತ್ತದೆ. ಮಾರುವುದಾದರೆ ತಪ್ಪದೆ ಸವರಿ, ಇಲ್ಲದಿದ್ದರೆ ಡಬ್ಬಿಯಲ್ಲಿ ಒಂದಕ್ಕೊಂದು ತಾಗಿ ಚಕ್ಕೆ ಏಳುತ್ತವೆ, ಸುತ್ತಿದ ಕಾಗದ ಹರಿಯುತ್ತದೆ. ತೂಕವನ್ನು ಮಾತ್ರ ಏಣು ಸವರಿ, ನಾಲ್ಕಾರು ವಾರ ಒಣಗಿಸಿದ ಮೇಲೆ ನೋಡಿ ಬರೆಯಿರಿ. ಕೊಯ್ದ ದಿನದ ತೂಕ ಗಿರಾಕಿಯ ಕೈಗೆ ಸಿಗುವುದಿಲ್ಲ.