ಮನೆಯ ಸಂಗೀತಕ್ಕೆ ಸ್ಟುಡಿಯೋ ಮಾನಿಟರ್

ನಮ್ಮ ಶಾಲೆಗಳಲ್ಲಿ ತರಗತಿಗೊಬ್ಬ ಮಾನಿಟರ್ ಇರುತ್ತಾನೆ. ಪಾಠ ಹೇಳುವುದು ಅವನ ಕೆಲಸವಲ್ಲ. ಮೇಷ್ಟರು ಇಲ್ಲದಾಗ ಯಾರು ಗದ್ದಲ ಮಾಡಿದರು, ಯಾರು ಸುಮ್ಮನಿದ್ದರು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುವುದಷ್ಟೇ ಅವನ ಹೊಣೆ. ಸ್ನೇಹಿತನೆಂದು ಮರೆಮಾಚುವಂತಿಲ್ಲ, ಆಗದವನೆಂದು ಬಣ್ಣ ಕಟ್ಟುವಂತಿಲ್ಲ. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ‘ಎಚ್ಚರಿಸುವವನು’ ಎಂದೇ ಅರ್ಥ. ಬಾನುಲಿ ಕೇಂದ್ರಗಳಲ್ಲಿಯೂ ಧ್ವನಿಮುದ್ರಣ ಮಂದಿರಗಳಲ್ಲಿಯೂ ಎಂಜಿನಿಯರ ಮುಂದೆ ಇಟ್ಟಿರುವ ಧ್ವನಿವರ್ಧಕಕ್ಕೆ ಇದೇ ಹೆಸರು ಬಂದಿರುವುದು ಸಹಜವಾಗಿದೆ. ಹಾಡುಗಾರನ ಶ್ರುತಿ ಜಾರಿದ್ದರೆ ಜಾರಿತು ಎಂದೂ, ಮೈಕು ಗೊರಗುಟ್ಟಿದ್ದರೆ ಗೊರಗುಟ್ಟಿತು ಎಂದೂ ಅದು ಹೇಳಬೇಕು.

ಈ ಮಾನಿಟರುಗಳು ಈಗ ಮನೆಗಳಿಗೂ ಬರುತ್ತಿವೆ. ‘ನಮ್ಮ ಮನೆಯಲ್ಲಿ ಸಂಗೀತ ಕೇಳಲು ಇದನ್ನು ಕೊಳ್ಳಬಹುದೆ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ನಾನು ಕನ್ನಡ ಪಾಠ ಹೇಳುವವನು, ಎಂಜಿನಿಯರನಲ್ಲ. ಆದರೆ ಈ ವಿಷಯದಲ್ಲಿ ಕೈಯಿಂದ ಹಣ ತೆತ್ತು ತಪ್ಪು ಮಾಡಿ, ಆಮೇಲೆ ತಿಳಿದವರನ್ನು ಕೇಳಿ ಕಲಿತವನು. ಆ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ಸಾಮಾನ್ಯ ಸ್ಪೀಕರಿಗೂ ಇದಕ್ಕೂ ಇರುವ ಭೇದವನ್ನು ನೋಡೋಣ. ಸಾಮಾನ್ಯ ಸ್ಪೀಕರು ಪೆಟ್ಟಿಗೆಗೆ ಸ್ವಂತ ಶಕ್ತಿಯಿಲ್ಲ. ಬೇರೊಂದು ಆಂಪ್ಲಿಫೈಯರು ಧ್ವನಿಯ ವಿದ್ಯುತ್ತನ್ನು ಬಲಪಡಿಸಿ ತಂತಿಯ ಮೂಲಕ ಕಳುಹಿಸಬೇಕು. ಪೆಟ್ಟಿಗೆಯೊಳಗೆ ದೊಡ್ಡದೊಂದು, ಚಿಕ್ಕದೊಂದು ಸ್ಪೀಕರು ಇರುತ್ತವೆ. ದೊಡ್ಡದು ವೂಫರ್, ಮಂದ್ರಕ್ಕೆ. ಚಿಕ್ಕದು ಟ್ವೀಟರ್, ತಾರಕ್ಕೆ. ಬಂದ ಧ್ವನಿಯನ್ನು ಇವೆರಡಕ್ಕೆ ಪಾಲು ಮಾಡಿಕೊಡುವ ಏರ್ಪಾಡಿಗೆ ಕ್ರಾಸ್‌ಓವರ್ ಎನ್ನುತ್ತಾರೆ. ಸಾಮಾನ್ಯ ಪೆಟ್ಟಿಗೆಯಲ್ಲಿ ಈ ಪಾಲು ಆಗುವುದು ಆಂಪ್ಲಿಫೈಯರನ್ನು ದಾಟಿ ಬಂದ ಮೇಲೆ. ಈಗಿನ ಬಹುಪಾಲು ಸ್ಟುಡಿಯೋ ಮಾನಿಟರುಗಳಲ್ಲಿ ಕ್ರಮ ತಿರುಗುಮುರುಗು. ಧ್ವನಿ ಇನ್ನೂ ಸಣ್ಣದಾಗಿರುವಾಗಲೇ ಪಾಲು ಮಾಡಿ, ವೂಫರಿಗೆ ಒಂದು, ಟ್ವೀಟರಿಗೆ ಒಂದು ಎಂದು ಬೇರೆ ಬೇರೆ ಆಂಪ್ಲಿಫೈಯರುಗಳನ್ನು ಪೆಟ್ಟಿಗೆಯೊಳಗೇ ಕೂರಿಸಿರುತ್ತಾರೆ. ಯಾವ ಸ್ಪೀಕರಿಗೆ ಎಷ್ಟು ಶಕ್ತಿ ಬೇಕೆಂಬುದನ್ನು ತಯಾರಕನೇ ಅಳೆದು ಹೊಂದಿಸಿರುವುದರಿಂದ, ಇದಕ್ಕೆ ಯಾವ ಆಂಪ್ಲಿಫೈಯರು ಸರಿಜೋಡಿ ಎಂದು ನೀವು ಅಂಗಡಿ ಅಂಗಡಿ ಅಲೆಯಬೇಕಾಗಿಲ್ಲ. ಇದೇ ಇದರ ದೊಡ್ಡ ಗುಣ.

ಈ ಬಗೆಯ ಪೆಟ್ಟಿಗೆಗಳಿಗೂ ಬಾನುಲಿಗೂ ಹಳೆಯ ನಂಟಿದೆ. ಫಿನ್‌ಲೆಂಡ್ ದೇಶದ ಬಾನುಲಿ ಸಂಸ್ಥೆ ಹೆಲ್ಸಿಂಕಿಯಲ್ಲಿ ಹೊಸ ಕೇಂದ್ರವನ್ನು ಕಟ್ಟುತ್ತಿದ್ದಾಗ ಅದಕ್ಕೆ ತಕ್ಕ ಮಾನಿಟರುಗಳು ಬೇಕಾದವು. ಆ ಬೇಡಿಕೆಯಿಂದ ೧೯೭೮ರಲ್ಲಿ ಹುಟ್ಟಿದ್ದೇ ಜೆನೆಲೆಕ್ ಎಂಬ ಕಂಪನಿ; ಅದರ ಮೊದಲ ಪೆಟ್ಟಿಗೆಯಲ್ಲೇ ಆಂಪ್ಲಿಫೈಯರುಗಳು ಒಳಗಿದ್ದವು. ಅದಕ್ಕೂ ಮೊದಲು, ೧೯೭೦ರ ದಶಕದಲ್ಲಿ, ಬಿ.ಬಿ.ಸಿ.ಯವರು ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿನಲ್ಲಿ ಇಡಲೆಂದು ಎಲ್‌ಎಸ್ ೩/೫ಎ ಎಂಬ ಪುಟ್ಟ ಮಾನಿಟರನ್ನು ರೂಪಿಸಿದರು. ಅದರ ಎತ್ತರ ಸುಮಾರು ಒಂದು ಅಡಿ. ಅದು ಆಂಪ್ಲಿಫೈಯರಿಲ್ಲದ ಹಳೆಯ ಬಗೆಯದು. ಆದರೂ ವಾಹನದಿಂದ ಇಳಿದು ಮನೆಮನೆಗಳನ್ನು ಸೇರಿತು. ಬಿ.ಬಿ.ಸಿ. ಎಂಜಿನಿಯರುಗಳು ಸ್ಪೀಕರುಗಳನ್ನು ಪರೀಕ್ಷಿಸುವಾಗ ಯಂತ್ರಗಳ ಅಳತೆಯೊಂದಿಗೆ ಮನುಷ್ಯನ ಮಾತನ್ನೂ ಒರೆಗಲ್ಲಾಗಿ ಬಳಸುತ್ತಿದ್ದರೆಂಬುದನ್ನು ನೆನಪಿಡಿ. ಮುಂದೆ ಉಪಯೋಗಕ್ಕೆ ಬರುತ್ತದೆ. ಇದರ ವಿಲೋಮವೂ ಉಂಟು. ಜಪಾನಿನ ಯಮಾಹಾ ಕಂಪನಿ ೧೯೭೮ರಲ್ಲಿ ಎನ್‌ಎಸ್-೧೦ ಎಂಬ ಪೆಟ್ಟಿಗೆಯನ್ನು ಮನೆಗಳಿಗೆಂದು ತಯಾರಿಸಿತು. ಮನೆಯವರು ಅದನ್ನು ಒಲ್ಲೆನೆಂದರು, ಸ್ಟುಡಿಯೋದವರು ಎತ್ತಿಕೊಂಡರು! ಅದರ ಟ್ವೀಟರಿನ ಕರ್ಕಶತೆಗೆ ತೆಳುಕಾಗದವನ್ನು ಅಂಟಿಸಿ ಕೆಲಸ ಮಾಡಿದ ಎಂಜಿನಿಯರುಗಳಿದ್ದರು. ಸ್ಟುಡಿಯೋ ಎಂಬ ಹೆಸರು ಕಂಡೊಡನೆ ಇಂಪು ಎಂದು ತಿಳಿಯಬಾರದೆಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಮನೆಗೆ ಇದು ಬೇಕೆ? ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರರಲ್ಲಿ ಎರಡು ಬಗೆ. ಕಂಡದ್ದನ್ನು ಕಂಡಂತೆ ಬರೆಯುವವನೊಬ್ಬ. ಪಾಠ ರುಚಿಸದಿದ್ದಲ್ಲಿ ತನ್ನದೊಂದು ಮಾತು ಸೇರಿಸುವವನು ಇನ್ನೊಬ್ಬ. ಮನೆಗೆಂದು ಮಾರುವ ಎಷ್ಟೋ ಸ್ಪೀಕರುಗಳು ಎರಡನೆಯ ಜಾತಿಯವು. ಮಂದ್ರವನ್ನು ಸ್ವಲ್ಪ ಉಬ್ಬಿಸಿ, ತಾರವನ್ನು ಸ್ವಲ್ಪ ಮಿಂಚಿಸಿ, ಅಂಗಡಿಯಲ್ಲಿ ನಿಂತವನ ಮನಸ್ಸನ್ನು ಗೆಲ್ಲುತ್ತವೆ. ಒಳ್ಳೆಯ ಮಾನಿಟರು ಮೊದಲನೆಯ ಲಿಪಿಕಾರ. ಧ್ವನಿಮುದ್ರಣ ಚೆನ್ನಾಗಿದ್ದರೆ ವೀಣೆಯ ಮೀಟು, ಮೃದಂಗದ ತೊಪ್ಪಿ, ತಂಬೂರಿಯ ಝೇಂಕಾರ ಒಂದೊಂದೂ ತನ್ನ ತನ್ನ ಸ್ಥಳದಲ್ಲಿ ಕಾಣಿಸುತ್ತದೆ. ಕೆಟ್ಟಿದ್ದರೆ ಕೆಡುಕೂ ಅಷ್ಟೇ ಸ್ಫುಟ. ಇದು ಬೇಡವೆನ್ನುವವರು ಮಾನಿಟರನ್ನು ಕೊಳ್ಳದಿರುವುದೇ ಲೇಸು. ಅದರಲ್ಲಿ ಅವಮಾನವೇನೂ ಇಲ್ಲ.

ಇನ್ನು ನನ್ನ ತಪ್ಪಿನ ಕಥೆ. ನಮ್ಮ ಗುರುಗಳು ಕುಮಾರವ್ಯಾಸ ಭಾರತವನ್ನು ವಾಚನ ಮಾಡಿದ ಒಂದು ಕ್ಯಾಸೆಟ್ ನನ್ನಲ್ಲಿದೆ. ಗುರುಗಳು ಈಗಿಲ್ಲ; ಅವರ ಧ್ವನಿ ಉಳಿದಿರುವುದು ನಾನು ಬಲ್ಲಂತೆ ಅದೊಂದರಲ್ಲೇ. ಅದನ್ನು ಚೆನ್ನಾಗಿ ಕೇಳಬೇಕೆಂಬ ಹಂಬಲದಿಂದ ಕೂಡಿಟ್ಟ ಹಣವನ್ನು ತೆಗೆದುಕೊಂಡು ಹೋದೆ. ಅಂಗಡಿಯವರು ‘ದೊಡ್ಡದೇ ಒಳ್ಳೆಯದು’ ಎಂದರು. ಎಂಟು ಅಂಗುಲದ ವೂಫರಿನ ಜೋಡಿಯನ್ನು ತಂದೆ. ಹತ್ತಡಿಗೆ ಹನ್ನೆರಡಡಿಯ ಕೋಣೆ. ಎರಡು ಮೂಲೆಗಳಲ್ಲಿ ಎರಡು ಬೀರುಗಳ ಮೇಲೆ ಏರಿಸಿದೆ. ಕೇಳಿದರೆ ಗುರುಗಳ ಧ್ವನಿ ಹಗೇವಿನೊಳಗಿಂದ ಬಂದಂತೆ ಗುಂಯ್ ಎಂದಿತು. ಹಳೆಯ ಟೇಪ್‌ರೆಕಾರ್ಡರಿನಲ್ಲಿ ತಿಳಿಯುತ್ತಿದ್ದ ಪದಗಳೂ ತಿಳಿಯದಾದವು. ನನ್ನ ಸಂಕಟವನ್ನು ಯಾರಿಗೆ ಹೇಳಲಿ!

ಕೆಲವು ದಿನಗಳ ಮೇಲೆ, ಧ್ವನಿಮುದ್ರಣದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೇಳಿ ನಕ್ಕು, ‘ಸಾರ್, ತಪ್ಪು ಪೆಟ್ಟಿಗೆಯದಲ್ಲ, ಮೂಲೆಯದು’ ಎಂದ. ಅವನು ವಿವರಿಸಿದ್ದು ಹೀಗೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೧,೧೩೦ ಅಡಿ ಸಾಗುತ್ತದೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು ೫೬ ಕಂಪನಗಳ ನಾದವೂ ಅದರ ಇಮ್ಮಡಿಯಾದ ೧೧೩ರ ನಾದವೂ ಹೋಗಿ ಬಂದು ತಮ್ಮನ್ನು ತಾವೇ ಬಲಪಡಿಸಿಕೊಳ್ಳುತ್ತವೆ. ಗಂಡಸಿನ ಮಾತಿನ ತಳಶ್ರುತಿ ಸುಮಾರಾಗಿ ಈ ೧೧೩ರ ಆಸುಪಾಸಿನಲ್ಲೇ ಇರುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ಒತ್ತಿದರೆ ಗೋಡೆಗಳು ಮಂದ್ರವನ್ನು ಇನ್ನಷ್ಟು ಎತ್ತಿಕೊಡುತ್ತವೆ. ಎರಡೂ ಸೇರಿ ಅಕ್ಷರಗಳನ್ನು ಮುಳುಗಿಸಿದ್ದವು. ಅವನು ಪೆಟ್ಟಿಗೆಗಳನ್ನು ಮೂಲೆಯಿಂದ ಮೂರಡಿ ಈಚೆಗೆ ತಂದು ಎರಡು ಸ್ಟೂಲುಗಳ ಮೇಲೆ ಇಟ್ಟ. ಹಿಂಬದಿಯಲ್ಲಿ ಮಂದ್ರವನ್ನು ತಗ್ಗಿಸುವ ಚಿಕ್ಕ ಸ್ವಿಚ್ಚನ್ನು ಬದಲಿಸಿದ. ಗುರುಗಳು ಕೋಣೆಯಲ್ಲಿ ಬಂದು ಕುಳಿತಂತಾಯಿತು. ‘ಐದಂಗುಲದ್ದೇ ನಿಮಗೆ ಧಾರಾಳವಾಗುತ್ತಿತ್ತು’ ಎಂದು ಆಮೇಲೆ ಹೇಳಿದ; ಅಷ್ಟುಹೊತ್ತಿಗೆ ಹಣ ಹೋಗಿತ್ತು.

ಆದುದರಿಂದ, ಕೊಳ್ಳುವ ಮೊದಲು ಕೋಣೆಯನ್ನು ಅಳೆಯಿರಿ. ಚಿಕ್ಕ ಕೋಣೆಗೆ ಐದಂಗುಲದ ವೂಫರು ಸಾಕು. ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆಯಾಗಿದ್ದರೆ ಮೊಳಗು ಒಂದೇ ಶ್ರುತಿಯಲ್ಲಿ ಕೂಡಿಬೀಳುತ್ತದೆ. ಅಂಥ ಕೋಣೆಯನ್ನು ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಿ. ಕೇಳುವ ದೂರವನ್ನೂ ಗಮನಿಸಿ. ಈ ಚಿಕ್ಕ ಮಾನಿಟರುಗಳು ಮೇಜಿನ ಮುಂದೆ ಮೂರು ನಾಲ್ಕು ಅಡಿ ದೂರದಲ್ಲಿ ಕುಳಿತವನಿಗಾಗಿ ಮಾಡಿದವು. ದೊಡ್ಡ ಹಜಾರದ ಆಚೆ ತುದಿಯ ದಿವಾನದ ಮೇಲೆ ಕುಳಿತರೆ ಪೆಟ್ಟಿಗೆಯ ಧ್ವನಿಗಿಂತ ಗೋಡೆಗಳ ಮಾರ್ದನಿಯೇ ಹೆಚ್ಚಾಗಿ ಕೇಳುತ್ತದೆ.

ಎಷ್ಟು ಕೆಳಗಿನ ಮಂದ್ರ ಬೇಕು? ನಮ್ಮ ಸಂಗೀತದ ಲೆಕ್ಕವನ್ನೇ ಹಿಡಿಯೋಣ. ಗಾಯಕರ ಶ್ರುತಿ ಒಂದು ಕಟ್ಟಳೆಯಾದರೆ ಷಡ್ಜ ಸುಮಾರು ೧೩೧ ಕಂಪನ. ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಸುಮಾರು ೬೫. ಅಷ್ಟನ್ನು ಸರಿಯಾಗಿ ನುಡಿಸಿದರೆ ಕಚೇರಿಗೆ ಕೊರತೆಯಿಲ್ಲ. ಆದರೆ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಯಮಾಹಾ ಎಚ್‌ಎಸ್೫ ಎಂಬ ಐದಂಗುಲದ ಮಾನಿಟರಿಗೆ ಕಂಪನಿಯೇ ಎರಡು ಅಂಕಿ ಕೊಡುತ್ತದೆ: ೧೦ ಡೆಸಿಬೆಲ್ ಇಳಿಯುವವರೆಗೆ ಲೆಕ್ಕ ಹಿಡಿದರೆ ೫೪ ಹರ್ಟ್ಜ್, ೩ ಡೆಸಿಬೆಲ್ ಇಳಿಯುವವರೆಗೆ ಮಾತ್ರ ಹಿಡಿದರೆ ೭೪. ಪೆಟ್ಟಿಗೆ ಒಂದೇ, ಅಳೆಯುವ ಕೋಲು ಎರಡು. ಎರಡು ಕಂಪನಿಗಳ ಮಾಲನ್ನು ಹೋಲಿಸುವಾಗ ಕೋಲು ಒಂದೇ ಆಗಿದೆಯೇ ಎಂದು ನೋಡಬೇಕು. ವ್ಯಾಟುಗಳ ವಿಷಯದಲ್ಲಿಯೂ ಹೀಗೆಯೇ. ಐವತ್ತು ವ್ಯಾಟಿನ ಬದಲು ನೂರು ಕೊಂಡರೆ ಧ್ವನಿ ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು.

ಜೋಡಣೆಯಲ್ಲಿ ಗೃಹಸ್ಥರು ಎಡವುವ ಜಾಗಗಳು ಮೂರು. ಒಂದನೆಯದು, ಎರಡು ಪೆಟ್ಟಿಗೆಗಳಿಗೂ ಬೇರೆ ಬೇರೆ ವಿದ್ಯುತ್ ಪ್ಲಗ್ಗು ಬೇಕು. ಎರಡನ್ನೂ, ಹಾಡುವ ಯಂತ್ರವನ್ನೂ ಒಂದೇ ಬೋರ್ಡಿಗೆ ಹಾಕಿದರೆ ಗುಂಯ್‌ಗುಡುವ ತೊಂದರೆ ಕಡಿಮೆ. ಆ ಸದ್ದು ನಿಲ್ಲಲೆಂದು ಮೂರನೆಯ ಅರ್ಥ್ ಪಿನ್ನನ್ನು ಕತ್ತರಿಸುವ ದುಸ್ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಅದು ಪ್ರಾಣಕ್ಕೆ ಅಪಾಯ. ಎರಡನೆಯದು, ಅನೇಕ ಮಾನಿಟರುಗಳಲ್ಲಿ ಧ್ವನಿಯ ಗುಂಡಿ ಹಿಂಬದಿಯಲ್ಲಿ, ಒಂದೊಂದಕ್ಕೂ ಬೇರೆಯಾಗಿ ಇರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಏರಿಸಿ ಇಳಿಸುವ ಗುಂಡಿ ಹಾಡುವ ಯಂತ್ರದಲ್ಲಾದರೂ ನಡುವಣ ಇನ್ನೊಂದು ಪೆಟ್ಟಿಗೆಯಲ್ಲಾದರೂ ಇರಬೇಕು. ಮೂರನೆಯದು ತಂತಿಯ ತುದಿ. ಮೇಲೆ ಹೇಳಿದ ಎಚ್‌ಎಸ್೫ರಂಥವಕ್ಕೆ ಮನೆಯ ಯಂತ್ರಗಳ ಕೆಂಪು-ಬಿಳಿ ಆರ್‌ಸಿಎ ತುದಿ ಕೂರುವುದಿಲ್ಲ. ಸ್ಟುಡಿಯೋದ ಎಕ್ಸ್‌ಎಲ್‌ಆರ್ ಅಥವಾ ಟಿಆರ್‌ಎಸ್ ತುದಿಗಳೇ ಬೇಕು. ಕೊಳ್ಳುವಾಗಲೇ ವಿಚಾರಿಸಿ. ಹಚ್ಚುವಾಗ ಮಾನಿಟರನ್ನು ಕೊನೆಗೆ ಹಚ್ಚಿ, ಆರಿಸುವಾಗ ಮೊದಲು ಆರಿಸಿದರೆ ಢಬ್ ಎಂಬ ಪೆಟ್ಟು ಸ್ಪೀಕರಿಗೆ ಬೀಳುವುದಿಲ್ಲ. ಹತ್ತಿರ ಕಿವಿಯಿಟ್ಟರೆ ಟ್ವೀಟರಿನಿಂದ ಸಣ್ಣಗೆ ‘ಸ್ಸ್’ ಎಂಬ ಸದ್ದು ಬರುವುದುಂಟು. ನೀವು ಕುಳಿತುಕೊಳ್ಳುವ ದೂರದಲ್ಲಿಯೂ ಅದು ಕೇಳುವುದೇ ಎಂಬುದನ್ನು ನಿಶ್ಶಬ್ದದಲ್ಲಿ ಪರೀಕ್ಷಿಸಿ.

ಇಡುವ ಕ್ರಮ ಸರಳವಾಗಿದೆ. ಎರಡು ಪೆಟ್ಟಿಗೆಗಳೂ ನಿಮ್ಮ ತಲೆಯೂ ಸಮಬಾಹು ತ್ರಿಕೋನದ ಮೂರು ಮೂಲೆಗಳಾಗಲಿ. ಟ್ವೀಟರು ಕಿವಿಯ ಮಟ್ಟದಲ್ಲಿರಲಿ. ಮುಖ ನಿಮ್ಮ ಕಡೆಗೆ ತಿರುಗಿರಲಿ. ಹಿಂಬದಿಯಲ್ಲಿ ಗಾಳಿಕಂಡಿ ಇದ್ದರೆ ಗೋಡೆಗೆ ಒತ್ತಬಾರದು.

ಇನ್ನೊಂದು ಮಾತನ್ನು ಬಾನುಲಿ ಕೇಳುವವರಿಗಾಗಿ ಹೇಳಲೇಬೇಕು. ಮೂಲದಲ್ಲಿ ಇಲ್ಲದ್ದನ್ನು ಯಾವ ಮಾನಿಟರೂ ಕೊಡಲಾರದು. ನಮ್ಮ ಮಧ್ಯಮ ತರಂಗದಲ್ಲಿ ಕೇಂದ್ರಗಳ ನಡುವಿನ ಅಂತರ ೯ ಕಿಲೋಹರ್ಟ್ಜ್ ಮಾತ್ರವಾದ್ದರಿಂದ ಧ್ವನಿ ಸುಮಾರು ೪,೫೦೦ ಹರ್ಟ್ಜಿನ ಆಚೆ ಹೆಚ್ಚಾಗಿ ಬರುವುದಿಲ್ಲ. ಎಫ್.ಎಂ.ನಲ್ಲಿ ೧೫,೦೦೦ದವರೆಗೆ ಬರುತ್ತದೆ. ಮಾನಿಟರಿಗೆ ಜೋಡಿಸುವುದಾದರೆ ಎಫ್.ಎಂ. ಕಾರ್ಯಕ್ರಮಕ್ಕೆ ಜೋಡಿಸಿ, ಭೇದ ತಿಳಿಯುತ್ತದೆ. ನಮ್ಮ ಕಿವಿಗೂ ಮಿತಿಯುಂಟು. ಎಳೆಯ ಕಿವಿ ೨೦ರಿಂದ ೨೦,೦೦೦ ಹರ್ಟ್ಜಿನವರೆಗೆ ಕೇಳಬಲ್ಲದು. ವಯಸ್ಸಾದಂತೆ ಮೇಲಿನದು ಕರಗುತ್ತದೆ. ನಮ್ಮ ಮನೆಯ ಟ್ವೀಟರಿನ ‘ಸ್ಸ್’ ನನ್ನ ಮಗಳಿಗೆ ಕೇಳುತ್ತದೆ, ನನಗೆ ಕೇಳುವುದಿಲ್ಲ. ಆದ್ದರಿಂದ ಆರಿಸಲು ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ನಿಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತನ್ನೋ ಹಾಡನ್ನೋ ಜೊತೆಗೆ ಒಯ್ಯಿರಿ, ಬಿ.ಬಿ.ಸಿ.ಯವರ ಒರೆಗಲ್ಲು ನಮಗೂ ಒದಗುತ್ತದೆ. ಎರಡು ಜೋಡಿಗಳನ್ನು ಹೋಲಿಸುವಾಗ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತನ್ನಿ. ಸ್ವಲ್ಪ ಜೋರಾಗಿರುವುದೇ ಮೇಲೆಂದು ಕಿವಿ ಮೋಸಹೋಗುತ್ತದೆ.

ಸ್ಥಳ ಬದಲಿಸಿದ ಆ ಸಂಜೆ ಕ್ಯಾಸೆಟ್ಟನ್ನು ಕೊನೆಯವರೆಗೆ ಕೇಳಿದೆ. ಟೇಪಿನ ಸುಯ್ಯೆಂಬ ಸದ್ದು ಮೊದಲಿಗಿಂತ ಹೆಚ್ಚಾಗಿಯೇ ಇತ್ತು. ಅದರ ನಡುವೆ ಗುರುಗಳು ಹಾಳೆ ತಿರುವಿದ್ದು ಕೇಳಿಸಿತು. ಕೊನೆಯ ಪದ್ಯಗಳಲ್ಲಿ ಪಾದಪಾದಕ್ಕೂ ಅವರು ಉಸಿರಿಗಾಗಿ ನಿಲ್ಲುತ್ತಿದ್ದುದೂ ಕೇಳಿಸಿತು. ಅಂದು ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಅವರಿಗೆ ಅಷ್ಟು ಆಯಾಸವಾಗಿತ್ತೆಂದು ನನಗಾಗಲಿ ಸಭೆಯಲ್ಲಿದ್ದ ಯಾರಿಗಾಗಲಿ ತಿಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವನನ್ನು ಮನೆಗೆ ತಂದರೆ ಇಂಥದ್ದನ್ನೂ ಕೇಳಬೇಕಾಗುತ್ತದೆ. ಅದಕ್ಕೆ ಮನಸ್ಸಿದ್ದರೆ ಕೊಳ್ಳಿ. ಮೊದಲು ಕೋಣೆಯನ್ನು ಅಳೆಯಿರಿ.