ಗ್ರೇಟ್ ನಿಕೋಬಾರ್: ಗಡಿ ಸರಿದರೆ ಕಡಲಾಮೆ ಸರಿದೀತೆ?

ಮುಖ್ಯ ಭೂಭಾಗದಲ್ಲಿ ರಸ್ತೆಗಾಗಿಯೋ ಅಣೆಕಟ್ಟೆಗಾಗಿಯೋ ಅರಣ್ಯ ಬಿಟ್ಟುಕೊಟ್ಟರೆ ಬೇರೆಡೆ ಅಷ್ಟೇ ಭೂಮಿಯನ್ನು ಹುಡುಕುವ ಪದ್ಧತಿಯಿದೆ. ದ್ವೀಪದಲ್ಲಿ ಆ 'ಬೇರೆಡೆ' ಎಂಬುದೇ ಇಲ್ಲ. ನಾಲ್ಕೂ ದಿಕ್ಕಿಗೆ ಕಡಲು. ಹೀಗಾಗಿ ಸಂರಕ್ಷಿತ ಪ್ರದೇಶದ ಗಡಿ ಎಲ್ಲಿರಬೇಕೆಂಬುದು ಅಲ್ಲಿ ಇತರೆಡೆಗಿಂತ ಜಟಿಲ ಪ್ರಶ್ನೆ. ಇದಕ್ಕೆ ಭಾರತದ ದಕ್ಷಿಣ ತುದಿಯ ದ್ವೀಪವಾದ ಗ್ರೇಟ್ ನಿಕೋಬಾರ್ ಜ್ವಲಂತ ನಿದರ್ಶನ.

ಸುಮಾರು 910 ಚದರ ಕಿ.ಮೀ. ವಿಸ್ತೀರ್ಣದ ಈ ದ್ವೀಪದ ಬಹುಭಾಗ ದಟ್ಟ ಮಳೆಕಾಡು. 1989ರಲ್ಲಿ ಜೀವಗೋಲ ಮೀಸಲು ಪ್ರದೇಶವೆಂದು ಘೋಷಿತವಾದ ಇದು 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕ್ಯಾಂಪ್‌ಬೆಲ್ ಬೇ ಹಾಗೂ ಗಲಾಥಿಯಾ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳು ಇಲ್ಲಿವೆ. ಬೇಟೆ ಮತ್ತು ಆಹಾರ ಸಂಗ್ರಹಣೆಯಿಂದ ಬದುಕುವ ಶೋಂಪೆನ್ ಬುಡಕಟ್ಟಿನ ಕೆಲವೇ ನೂರು ಜನ ಒಳನಾಡಿನ ಕಾಡಿನಲ್ಲಿದ್ದಾರೆ. ಕರಾವಳಿ ನಿಕೋಬಾರಿಗಳ ಪೂರ್ವಿಕರ ನೆಲ.

ಯೋಜನೆಯ ಸ್ವರೂಪ

ಮಲಾಕ್ಕಾ ಜಲಸಂಧಿಯತ್ತ ಸಾಗುವ ಅಂತರರಾಷ್ಟ್ರೀಯ ಹಡಗು ಮಾರ್ಗ ಈ ದ್ವೀಪದ ಸಮೀಪವೇ ಹಾದುಹೋಗುತ್ತದೆ. ಗಲಾಥಿಯಾ ಕೊಲ್ಲಿಯಲ್ಲಿ ಕಂಟೇನರ್ ಬಂದರು, ಜೊತೆಗೆ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಉಪನಗರ ನಿರ್ಮಿಸುವ ಯೋಜನೆಗೆ 2022ರ ನವೆಂಬರ್‌ನಲ್ಲಿ ಪರಿಸರ ಅನುಮತಿ ದೊರೆಯಿತು. ಆಗಿನ ಅಂದಾಜು ವೆಚ್ಚ ಸುಮಾರು 72,000 ಕೋಟಿ ರೂಪಾಯಿ. ಸುಮಾರು 130 ಚದರ ಕಿ.ಮೀ. ಅರಣ್ಯ ಇದಕ್ಕೆ ಬಳಕೆಯಾಗಲಿದ್ದು, 9.64 ಲಕ್ಷ ಮರಗಳಿಗೆ ಕೊಡಲಿ ಬೀಳಬಹುದೆಂದು 2023ರಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ವಾಣಿಜ್ಯಕ್ಕೂ ದೇಶದ ರಕ್ಷಣೆಗೂ ಇದು ಅನಿವಾರ್ಯವೆಂಬುದು ಸರ್ಕಾರದ ವಾದ. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಬದಲಿ ತಾಣದ ತರ್ಕ

ವಿವಾದದ ಮೂಲ ಗಲಾಥಿಯಾ ಕೊಲ್ಲಿ. ಜಗತ್ತಿನ ಅತಿದೊಡ್ಡ ಕಡಲಾಮೆಯಾದ ಲೆದರ್‌ಬ್ಯಾಕ್ ಮೊಟ್ಟೆಯಿಡಲು ಬರುವ ದೇಶದ ಪ್ರಮುಖ ತೀರ ಇದು. ಮರಳು ಮತ್ತು ತರಗೆಲೆಯ ದಿಬ್ಬ ಕಟ್ಟಿ ಅದರ ಕಾವಿನಲ್ಲೇ ಮರಿ ಮಾಡುವ ನಿಕೋಬಾರ್ ಮೆಗಾಪೋಡ್ ಹಕ್ಕಿಗೂ ಕರಾವಳಿಯೇ ಆಸರೆ. 2021ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯು ಇಲ್ಲಿನ ವನ್ಯಜೀವಿಧಾಮವನ್ನು ರದ್ದುಗೊಳಿಸಲು ಒಪ್ಪಿತು. ಅದೇ ತಿಂಗಳು ಪ್ರಕಟವಾದ ರಾಷ್ಟ್ರೀಯ ಕಡಲಾಮೆ ಕ್ರಿಯಾಯೋಜನೆಯಾದರೋ ಇದೇ ಕೊಲ್ಲಿಯನ್ನು ಮುಖ್ಯ ನೆಲೆಗಳ ಸಾಲಿನಲ್ಲಿ ಹೆಸರಿಸಿತ್ತು.

ಪರಿಹಾರವಾಗಿ 2022ರಲ್ಲಿ ಲಿಟಲ್ ನಿಕೋಬಾರ್‌ನಲ್ಲಿ ಕಡಲಾಮೆಗೆ, ಮೆಂಚಲ್ ದ್ವೀಪದಲ್ಲಿ ಮೆಗಾಪೋಡ್‌ಗೆ, ಮೆರೋ ದ್ವೀಪದಲ್ಲಿ ಹವಳಕ್ಕೆ ಹೊಸ ಧಾಮಗಳನ್ನು ಘೋಷಿಸಲಾಯಿತು. ಕಡಿದ ಅರಣ್ಯಕ್ಕೆ ಬದಲಾಗಿ ಗಿಡ ನೆಡಲು ಗುರುತಿಸಿದ್ದು ದೂರದ ಹರಿಯಾಣವನ್ನು. ಲೆಕ್ಕದ ಪುಸ್ತಕದಲ್ಲಿ ಇದು ಸರಿಹೊಂದಬಹುದು. ಆದರೆ ಒಣಭೂಮಿಯ ನೆಡುತೋಪು ದ್ವೀಪದ ಮಳೆಕಾಡಾಗದು. ಆಮೆಯಂತೂ ಗೆಜೆಟ್ ಓದಿ ಬರುವುದಿಲ್ಲ. ತೆರೆದ ಕಡಲು, ಇಳಿಜಾರು, ಮರಳು ಕೂಡಿಬಂದ ತೀರವನ್ನೇ ಅದು ಅರಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್‌ನ ಸಂಶೋಧಕರು ಲಿಟಲ್ ಅಂಡಮಾನ್‌ನಲ್ಲಿ ಉಪಗ್ರಹ ಸಾಧನ ಅಳವಡಿಸಿದ ಲೆದರ್‌ಬ್ಯಾಕ್‌ಗಳು ಆಸ್ಟ್ರೇಲಿಯಾ, ಆಫ್ರಿಕಾಗಳವರೆಗೂ ಈಜಿದ್ದವು. ಇಡೀ ಸಾಗರ ಸುತ್ತುವ ಜೀವಿಗೂ ಮೊಟ್ಟೆಯಿಡಲು ಬೆರಳೆಣಿಕೆಯ ತೀರಗಳೇ ಗತಿ.

ಸುನಾಮಿಯ ಪಾಠ

2004ರ ಭೂಕಂಪ ಮತ್ತು ಸುನಾಮಿಯಲ್ಲಿ ದ್ವೀಪದ ದಕ್ಷಿಣ ಭಾಗ ಹಲವು ಅಡಿ ಕುಸಿಯಿತು, ಮರಳು ತೀರಗಳು ಕೊಚ್ಚಿಹೋದವು. ವರ್ಷಗಳ ನಂತರ ತೀರಗಳು ಮರುರೂಪುಗೊಂಡವು, ಆಮೆಗಳೂ ಮರಳಿದವು. ತೀರ ಹಿಂದೆ ಸರಿಯಲು ಜಾಗವಿದ್ದರೆ ಮಾತ್ರ ಇಂಥ ಚೇತರಿಕೆ ಸಾಧ್ಯ. ಬೆನ್ನಿಗೆ ಕಾಂಕ್ರೀಟ್ ಗೋಡೆಯಿದ್ದರೆ ಅಸಾಧ್ಯ. ಸುನಾಮಿಯ ಬಳಿಕ ಸ್ಥಳಾಂತರಗೊಂಡ ನಿಕೋಬಾರಿಗಳು ಪೂರ್ವಿಕರ ಹಳ್ಳಿಗಳಿಗೆ ಮರಳಲು ಕಾದಿದ್ದಾರೆ. ಅವರ ಬುಡಕಟ್ಟು ಮಂಡಳಿ 2022ರಲ್ಲಿ, ತಾನು ಕೊಟ್ಟಿದ್ದ ನಿರಾಕ್ಷೇಪಣಾ ಪತ್ರವನ್ನು ಹಿಂಪಡೆಯಿತು.

ಮಾರ್ಗವೇನು?

ದ್ವೀಪದ ಯೋಜನೆಯಲ್ಲಿ ನಿರ್ಣಾಯಕವಾದುದು ಕ್ರಮ. ಮೊಟ್ಟೆಯಿಡುವ ತೀರ, ಸಿಹಿನೀರಿನ ಮೂಲ, ಬುಡಕಟ್ಟುಗಳ ನೆಲ ಮೊದಲಾದ ಬದಲಿಯಿಲ್ಲದ ಜಾಗಗಳನ್ನು ಮೊದಲು ಗುರುತಿಸಿ, ಉಳಿದ ನೆಲ ಎಷ್ಟು ಜನರನ್ನು, ಎಷ್ಟು ನಿರ್ಮಾಣವನ್ನು ತಾಳಬಲ್ಲದೆಂದು ಅಳೆದು, ಬಳಿಕ ಬಂದರಿನ ಜಾಗ ನಿಶ್ಚಯಿಸುವುದು ಒಂದು ಕ್ರಮ. ಬಂದರಿನ ಜಾಗ ನಿಶ್ಚಯಿಸಿ ಧಾಮದ ಗಡಿಯನ್ನು ಅಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಅಭಿವೃದ್ಧಿ ತಡವಾಗಬಹುದು. ಎರಡನೆಯದರಲ್ಲಿ ಆಗುವ ನಷ್ಟವನ್ನು ಮಾತ್ರ ತುಂಬಿಕೊಡುವ ಇನ್ನೊಂದು ದ್ವೀಪವಿಲ್ಲ.